ರುಮಾಲಿನಲ್ಲಿ ಕಡ್ಲಿ

ನನಗೆ ಇಲಿ ಕಂಡರಾಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುರೇಖಾ ಮೆತ್ತಗಿನ ಹೆಂಗಸು ಎಂದು ಆಮೇಲೆ ಯಾರೂ ತಿಳಿದುಕೊಳ್ಳಬಾರದು. ನನ್ನ ಜೋಳದ ಚೀಲ ಕೊರೆದದ್ದು ಇಲಿ. ತವರಿನವರು ಉಡಿಸಿದ ಇಳಕಲ್ ಸೀರೆಯ ಸೆರಗು ಕತ್ತರಿಸಿದ್ದೂ ಇಲಿಯೇ. ನಮ್ಮ ಅಡುಗೆಮನೆಯ ಮೂಲೆಯಲ್ಲಿ ಬೋನು ಸದಾ ಬಾಯಿ ತೆರೆದು ಕೂತಿರುತ್ತದೆ. ಅಂಥವಳು ಕಳೆದ ಶ್ರಾವಣದಲ್ಲಿ ಇಂಡಿ ಪಟ್ಟಣದಿಂದ ನಮ್ಮೂರಿನವರೆಗೆ, ಬಸ್ಸಿನ ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ಪಂಜರ ಇಟ್ಟುಕೊಂಡು, ಒಳಗಿನ ಜೀವಕ್ಕೆ ಬಿಸಿಲು ತಾಗಬಾರದೆಂದು ನನ್ನದೇ ಸೆರಗು ಅಡ್ಡ ಹಿಡಿದುಕೊಂಡು ಬಂದೆ!

ಎಲ್ಲ ಶುರುವಾದದ್ದು ಒಂದು ಮಾತಿನಿಂದ. "ಸಾಲಿ ಖೋ ಖೋ ಟೀಮಿನ್ಯಾಗ ಬಂದ್ರ ಕೇಳಿದ್ದು ಕೊಡಸ್ತೇನಿ" ಎಂದು ಮಗಳು ಸಂಗುಗೆ ಹೇಳಿದ್ದೆ. ಏಳನೆಯ ಇಯತ್ತೆಯ ಹುಡುಗಿ ಏನು ಕೇಳೀತು? ಬೂಟು, ಇಲ್ಲವೇ ಕೈಗಡಿಯಾರ. ಟೀಮಿಗೆ ಆಯ್ಕೆಯಾದ ದಿನ ಸಂಗು ಓಡುತ್ತ ಬಂದವಳೇ ಚಪ್ಪಲಿ ಕೂಡ ಬಿಡದೆ, "ಅವ್ವಾ, ಹ್ಯಾಮ್‌ಸ್ಟರ್!" ಎಂದು ಕೂಗಿ ಮೊಬೈಲು ನನ್ನ ಮುಖಕ್ಕೆ ಹಿಡಿದಳು.

"ಇದು ಇಲಿ," ಎಂದೆ.

"ಇಲಿ ಅಲ್ಲ ಬೇ. ಬಾಲ ಎಲ್ಲೈತಿ ನೋಡು."

"ಬಾಲ ಕತ್ತರಿಸಿದ ಇಲಿ."

"ಅವ್ವಾ, ಮಾತ ಕೊಟ್ಟಿ!"

ಈ ಗದ್ದಲ ಕೇಳಿ ಹೊರಗೆ ಕಟ್ಟೆಯ ಮೇಲಿದ್ದ ಮಾವ ಬೀರಣ್ಣ ಕೆಮ್ಮಿದರು. ಅವರು ಕೆಮ್ಮಿದರೆ ಮಾತಾಡಲಿದ್ದಾರೆ ಎಂದರ್ಥ. ಮಾವ ಹುಟ್ಟಾ ಕುರಿ ಕಾಯ್ದವರು. ಮೊಣಕಾಲು ಕೈಕೊಟ್ಟ ಮೇಲೆ ಹಿಂಡು ಮಾರಿದರು, ಆದರೆ ಕುರಿ ಆರಿಸುವ ಅವರ ಕಣ್ಣಿಗೆ ಇನ್ನೂ ಬೇಡಿಕೆ ಇದೆ. ಸಂತೆಗೆ ಹೋಗುವವರು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ, ಮಾವ ಬೆರಳು ತೋರಿಸಿದ ಮರಿಯನ್ನೇ ಹೊಡೆದುಕೊಂಡು ಬರುತ್ತಾರೆ.

ಇಂಥ ಮಾವನ ಜೊತೆ ನಾನು ನೇರ ಮಾತಾಡುವುದಿಲ್ಲ. ಅವರೂ ನನ್ನ ಜೊತೆ ಆಡುವುದಿಲ್ಲ. ಜಗಳವೇನಿಲ್ಲ, ರಿವಾಜು. ಸೊಸೆಯಾದವಳು ತಲೆಯ ಮೇಲೆ ಸೆರಗು ಹೊದ್ದು ಮಾವನಿಗೆ ಮರೆಯಾಗಿ ನಿಲ್ಲಬೇಕು, ಹೇಳುವುದಿದ್ದರೆ ನಡುವೆ ಇನ್ನೊಬ್ಬರ ಮೂಲಕ ಹೇಳಬೇಕು. "ಸಾತವ್ವಾ, ಚಾ ಆಗೇತೇನ ಕೇಳು," ಎಂದು ಮಾವ ಅತ್ತೆಗೆ ಹೇಳುತ್ತಾರೆ. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಒಲೆಯ ಮುಂದಿನಿಂದ, "ಅತ್ತೀ, ಕುದಿಯಾಕತ್ತೈತಿ ಅಂತ ಹೇಳ್ರಿ," ಎನ್ನುತ್ತೇನೆ. ಮೂವರೂ ಇರುವುದು ಒಂದೇ ಮಾಡಿನ ಕೆಳಗೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ. ನಗುವವರು ನಗಲಿ, ಮದುವೆಯಾಗಿ ಬಂದಾಗಿನಿಂದ ಹೀಗೇ ನಡೆದಿತ್ತು.

"ಸಂಗವ್ವಾ," ಎಂದರು ಮಾವ ಕಟ್ಟೆಯ ಮೇಲಿನಿಂದ, "ನಿಮ್ಮವ್ವಗ ಹೇಳು. ಈ ಮನಿಗಿ ಯಾವ ಜೀವ ಬಂದ್ರೂ ನಾ ನೋಡಿ ಆರಿಸಿದ್ದ ಬರಬೇಕು."

ಅಲ್ಲಿಗೆ ಮುಗಿಯಿತು. ತರುವುದೋ ಬಿಡುವುದೋ ಎಂಬ ಪ್ರಶ್ನೆಯೇ ಹೋಗಿ, ಯಾವುದನ್ನು ತರುವುದು ಎಂಬಲ್ಲಿಗೆ ಬಂದು ನಿಂತಿತು. ಗಂಡ ಸಿದ್ಧರಾಮ ಲಾರಿ ತೆಗೆದುಕೊಂಡು ಪುಣೆ ಕಡೆ ಹೋಗಿದ್ದರು, ನನ್ನ ಪರ ನಿಲ್ಲುವವರು ಯಾರೂ ಇರಲಿಲ್ಲ.

ಇಂಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪರಶು ಎಂಬವನು ಬಣ್ಣದ ಮೀನು, ಸಣ್ಣ ಸಣ್ಣ ಹಕ್ಕಿ ಮಾರುತ್ತಾನೆ. ಅವನ ಅಂಗಡಿಯ ಗಾಜಿನ ಪೆಟ್ಟಿಗೆಯೊಂದರಲ್ಲಿ ಹ್ಯಾಮ್‌ಸ್ಟರ್‌ಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಪರಶು ಬೆಳ್ಳಗಿನ ಒಂದನ್ನು ಎತ್ತಿ ಅಂಗೈ ಮೇಲೆ ಇಟ್ಟ. "ಇದನ್ನ ಒಯ್ರಿ ಅಜ್ಜಾರ. ಭಾಳ ಮೆತ್ತಗ ಐತಿ, ಎಲ್ಲಿ ಇಟ್ರೂ ಸುಮ್ಮ ಇರ್ತೈತಿ."

"ಸುಮ್ಮ ಇರ್ತೈತಿ ಅಂದ್ರ ಮೈಯಾಗ ಕಸುವಿಲ್ಲ," ಎಂದರು ಮಾವ.

"ಹಗಲಿ ಮಲಗತಾವ್ರಿ ಇವು. ಸಂಜಿಗಿ ಏಳತಾವ."

"ನನ್ನ ಮಗನೂ ಹಗಲಿ ಮಲಗತಾನ. ಅಂವ ಲಾರಿ ಹೊಡಿತಾನ. ಇವಕ್ಕೇನ ದಾಡಿ?"

ಸಂಗು ನಕ್ಕಳು, ನಾನು ಸೆರಗಿನೊಳಗೆ ನಕ್ಕೆ. ಮಾವ ಮೊಣಕಾಲು ಹಿಡಿದು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದೊಂದನ್ನೇ ಕಣ್ಣಲ್ಲಿ ಅಳೆದರು. ಆಮೇಲೆ ತಟ್ಟನೆ ಒಂದು ಚಪ್ಪಾಳೆ ಹೊಡೆದರು. ಮಲಗಿದ್ದವುಗಳಲ್ಲಿ ಒಂದೇ ಒಂದು, ಹುರಿದ ಕಡಲೆಯ ಬಣ್ಣದ್ದು, ಚಂಗನೆ ಎದ್ದು ಹಿಂಗಾಲ ಮೇಲೆ ನಿಂತು ಚಪ್ಪಾಳೆ ಬಂದ ದಿಕ್ಕಿಗೇ ಮುಖ ಮಾಡಿತು. ಓಡಲಿಲ್ಲ. ಮುಂಗಾಲೆರಡನ್ನೂ ಎದೆಯ ಹತ್ತಿರ ಹಿಡಿದುಕೊಂಡು, ಯಾರದು ಎಂದು ಕೇಳುವಂತೆ ನೋಡಿತು.

ಮಾವ ಅದನ್ನು ಹಿಡಿದರು. ಕುರಿಯ ಉಣ್ಣೆ ಬಿಡಿಸಿ ನೋಡುವಂತೆ ಅದರ ಕೂದಲಿಗೆ ಉಫ್ ಎಂದು ಊದಿ ಚರ್ಮ ನೋಡಿದರು. ಕಣ್ಣು, ಮೂಗು, ಬಾಲದ ಬುಡ ಒದ್ದೆಯಾಗಿದೆಯೇ, ಕಾಲಿನ ಬೆರಳು, ಎಲ್ಲ ಆಯಿತು. ಕೊನೆಗೆ ಹಲ್ಲು ನೋಡಲು ಹೋದರು. ಕಚಕ್ಕನೆ ಕಚ್ಚಿತು! ಹೆಬ್ಬೆರಳಲ್ಲಿ ರಕ್ತ ಚಿಮ್ಮಿತು. ಸಂಗು ಚೀರಿದಳು. ಮಾವನ ಮುಖ ಮಾತ್ರ ಹಬ್ಬದ ದಿನದಂತೆ ಬೆಳಗಿತ್ತು.

"ಇದು! ಕಚ್ಚೂ ಜೀವಕ್ಕ ಬದುಕೂ ಹಟ ಇರ್ತೈತಿ."

ಇನ್ನು ವ್ಯಾಪಾರ. ಮಾವ ಹೆಗಲ ಮೇಲಿನ ಟವೆಲ್ಲು ತೆಗೆದು ಪರಶುವಿನ ಕೈ ಮೇಲೆ ಹೊದಿಸಿ, ಕೆಳಗೆ ಅವನ ಬೆರಳು ಹಿಡಿದರು. ದನದ ಸಂತೆಯಲ್ಲಿ ದರ ಆಗುವುದು ಹೀಗೆ, ಹೊರಗಿನವರಿಗೆ ಕಾಣಬಾರದೆಂದು ಬಟ್ಟೆಯ ಕೆಳಗೆ ಬೆರಳಿನ ಲೆಕ್ಕದಲ್ಲಿ. ಪರಶುಗೆ ಇದು ಗೊತ್ತಿರಲಿಲ್ಲ. ಕಚಗುಳಿಯಾಗಿ ಕಿಸಕ್ಕನೆ ನಕ್ಕು, "ಅಜ್ಜಾರ, ಬಿಡ್ರಿ, ನೀವ ಹೇಳಿದ್ದ ದರ!" ಎಂದುಬಿಟ್ಟ.

ಜೊತೆಗೆ ಒಂದು ಹಳೆಯ ಪಂಜರವನ್ನೂ ಕೊಟ್ಟ. ಬಾಗಿಲಿಗೆ ಚಿಲಕ ಇರಲಿಲ್ಲ, ದಾರ ಕಟ್ಟಿತ್ತು. ಮಾವ ಆ ದಾರ ಬಿಚ್ಚಿ ಪರಶುವಿಗೇ ವಾಪಸ್ಸು ಕೊಟ್ಟು, ತಮ್ಮ ಅಂಗಿಯ ಕಿಸೆಯಿಂದ ಕರಿ ಉಣ್ಣೆಯ ನೂಲು ತೆಗೆದು ಕಟ್ಟಿದರು. ಮಾರಿದವರ ಹಗ್ಗದಲ್ಲಿ ಜೀವ ಮನೆಗೆ ತರಬಾರದು, ನಮ್ಮ ಹಗ್ಗ ನಾವೇ ಒಯ್ಯಬೇಕು ಎಂಬುದು ಅವರ ನೇಮ. ನನ್ನ ಕಣ್ಣು ಆ ನೂಲಿನ ಮೇಲೇ ಇತ್ತು. ಇದು ಕಡಿದುಕೊಂಡು ಹೊರಗೆ ಬಂದರೆ ನನ್ನ ಜೋಳದ ಗತಿಯೇನು? ಸಂಗು ಮಾತ್ರ ದಾರಿಯುದ್ದಕ್ಕೂ ಅದಕ್ಕೆ ಹೆಸರು ಹುಡುಕುತ್ತಲೇ ಇದ್ದಳು. ನಮ್ಮೂರ ಸ್ಟಾಪು ಬರುವುದರೊಳಗೆ ಅದು ಕಡ್ಲಿ ಆಗಿತ್ತು.

ಮನೆಯಲ್ಲಿ ಅತ್ತೆ ಸಾತವ್ವ ಹೊಸ ಎಮ್ಮೆ ಬಂತೇನೋ ಎಂಬಂತೆ ತಂಬಿಗೆ ನೀರು, ಆರತಿ ಹಿಡಿದು ಹೊಸ್ತಿಲಲ್ಲೇ ನಿಂತಿದ್ದರು. "ಆಯೀ, ಅದರ ಮೈಮ್ಯಾಲ ನೀರ ಬೀಳಬಾರ್ದು!" ಎಂದು ಸಂಗು ಪಂಜರ ಎತ್ತಿ ಹಿಡಿದಳು. ಅತ್ತೆ ನೀರನ್ನು ನನ್ನ ಕಾಲ ಮೇಲೆ ಸುರಿದರು, ಆರತಿ ಪಂಜರಕ್ಕೆ ಎತ್ತಿದರು. ಮಾವ ಕತ್ತರಿ ತಂದು, ನಮ್ಮ ಮನೆಯ ಗುರುತಿಗೆ ಕಿವಿಯಲ್ಲಿ ಸಣ್ಣ ಕಚ್ಚು ಹಾಕುವೆನೆಂದರು. ಸಂಗು ಪಂಜರ ತಬ್ಬಿಕೊಂಡು ಹಾಕಿದ ಚೀರಾಟಕ್ಕೆ ಓಣಿಯ ಮಂದಿ ಹೊರಗೆ ಬಂದರು. ಕತ್ತರಿ ಒಳಗೆ ಹೋಯಿತು.

ಆ ವಾರ ನಮ್ಮ ಮನೆಯಲ್ಲಿ ಕಡ್ಲಿಯದೇ ಮಾತು. ಸಂಗು ಬಡಿಗರ ಮನೆಯಿಂದ ಕಟ್ಟಿಗೆಯ ಹೊಟ್ಟು ತಂದು ಹಾಸಿದಳು. ಬಾಯಿ ಒಡೆದ ಸಣ್ಣ ಮಗಿಯೊಂದನ್ನು ಬೋರಲು ಹಾಕಿ ಮನೆ ಮಾಡಿಕೊಟ್ಟಳು. ಮಣ್ಣಿನ ಮಗಿ ತಂಪು, ಅದರೊಳಗೆ ಅದು ಹಗಲೆಲ್ಲ ಮಲಗುವುದು. ಸಂಜೆ ಎದ್ದು ಚಕ್ರ ಹತ್ತಿ ಓಡುವುದು, ಓಡುವುದು, ಎಲ್ಲಿಗೂ ಮುಟ್ಟದ ಓಟ! ನಾವು ಹತ್ತಿರವಿದ್ದರೆ ತಿನ್ನುತ್ತಿರಲಿಲ್ಲ, ಹೊಸ ಜಾಗದ ಅಂಜಿಕೆ. ಒಂದು ಸಂಜೆ ರೊಟ್ಟಿ ಬಡಿಯುತ್ತ ತಿರುಗಿ ನೋಡಿದೆ. ಕಡ್ಲಿ ಹಿಂಗಾಲ ಮೇಲೆ ಕೂತು ಎರಡೂ ಕೈಯಿಂದ ಮುಖ ತೊಳೆದುಕೊಳ್ಳುತ್ತಿತ್ತು, ಕಿವಿಯ ಹಿಂದೆ ಸಹ ಬಿಡದೆ. ಥೇಟ್ ನಮ್ಮ ಅತ್ತೆ. ನನಗೆ ಎಷ್ಟು ಖುಷಿಯಾಯಿತೆಂದರೆ ರೊಟ್ಟಿ ಹಂಚಿನ ಮೇಲೇ ಸೀದುಹೋಯಿತು. ಮರುದಿನ ಯಾರಿಗೂ ಹೇಳದೆ ಇಲಿಬೋನನ್ನು ಹಿತ್ತಲಿಗೆ ಸಾಗಿಸಿದೆ.

ಅಷ್ಟರಲ್ಲಿ ಮುದ್ದೇಬಿಹಾಳದಲ್ಲಿ ಜಿಲ್ಲಾ ಮಟ್ಟದ ಖೋ ಖೋ ಬಂತು. ಸಂಗು ಒಂದು ರಾತ್ರಿ ಅಲ್ಲೇ ಉಳಿದು ಮರುದಿನ ಸಂಜೆ ಬರುವುದು. ನನ್ನ ಮೊಬೈಲು ಅವಳ ಕೈಗೆ ಕೊಟ್ಟೆ. ಹೊರಡುವ ಮುನ್ನ ಅವಳು ನನ್ನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಆಣಿ ಮಾಡು. ನಾ ಬರೂತನಕ ಕಡ್ಲಿಗಿ ಏನೂ ಆಗಬಾರ್ದು. ಕಾಳು ಒಂದ ಚಮಚಿ, ನೀರು ದಿನಾ ಬದಲಿ ಮಾಡಬೇಕು. ಅಷ್ಟ."

"ಹುಚ್ಚಿ, ಇಲಿ ಸಲುವಾಗಿ ಆಣಿ ಏನ?"

"ಮಾಡು ಬೇ!"

ಮಾಡಿದೆ. ಮಗಳ ತಲೆ ಮುಟ್ಟಿ ಮಾಡಿದ ಆಣೆ, ತಮಾಷೆಯಲ್ಲ. ಶಾಲೆಯ ಜೀಪು ಹುಡುಗಿಯರನ್ನು ಹತ್ತಿಸಿಕೊಂಡು ಹೋಯಿತು. ಕೈ ಮಾತ್ರ ಅವಳ ತಲೆಯ ಬಿಸಿ ಹಿಡಿದುಕೊಂಡೇ ಇತ್ತು.

ಅತ್ತೆ ತೊಗರಿ ಹೊಲದಲ್ಲಿ ಕಳೆ ತೆಗೆಯಲು ಹೋಗಿದ್ದರು. ಮನೆಯಲ್ಲಿ ಉಳಿದವರು ಮಾವ ಮತ್ತು ನಾನು. ನಡುವೆ ಮಾತು ದಾಟಿಸುವವರು ಯಾರೂ ಇಲ್ಲ! ಮಾವ ಬಾಗಿಲಲ್ಲಿ ನಿಂತು ಅತ್ತ ನೋಡಿದರು, ಇತ್ತ ನೋಡಿದರು, ಕೆಮ್ಮಿದರು. ಕೊನೆಗೆ ಪಂಜರದ ಮುಂದೆ ಕೂತು ಹೇಳಿದರು:

"ಕಡ್ಲಿ, ಚಾ ಆಗೇತೇನ ಕೇಳು."

ನಾನು ನಗು ತಡೆದುಕೊಂಡು, "ಕಡ್ಲಿ, ಕುದಿಯಾಕತ್ತೈತಿ ಅಂತ ಹೇಳು," ಎಂದೆ.

ಇಡೀ ದಿನ ಹಾಗೇ ನಡೆಯಿತು. ಊಟಕ್ಕೆ ಕರೆದದ್ದು, ಮಜ್ಜಿಗೆ ಬೇಕೆಂದದ್ದು, ಎಮ್ಮೆ ಹಗ್ಗ ಬಿಚ್ಚಿಕೊಂಡಿದೆ ಎಂದದ್ದು, ಎಲ್ಲ ಕಡ್ಲಿಯ ಮೂಲಕ. ಪಾಪ, ಅದು ಮಗಿಯೊಳಗೆ ಮಲಗಿತ್ತು. ಸಂಜೆ ನಾನು ಒಂದು ಚಮಚ ಕಾಳು ಹಾಕಿದ್ದನ್ನು ಮಾವ ನೋಡಿದರು.

"ಕಡ್ಲಿ, ಇಷ್ಟರಾಗ ನಿನ್ನ ಹೊಟ್ಟಿ ತುಂಬತೈತೇನ?" ಎಂದು ಬೊಗಸೆಯಲ್ಲಿ ಜೋಳ, ತೊಗರಿ, ಶೇಂಗಾ ತಂದು ಬಟ್ಟಲು ತುಂಬಿ ಸುರಿದರು.

"ಕಡ್ಲಿ, ಸಂಗು ಒಂದ ಚಮಚಿ ಅಂದಾಳ ಅಂತ ಹೇಳು."

"ಕಡ್ಲಿ, ಮೇವು ಹಾಕೂದು ನನಗ ಕಲಸಬ್ಯಾಡ ಅಂತ ಹೇಳು."

ನಾನು ಒಳಗೆ ರೊಟ್ಟಿ ಬಡಿಯಲು ಹೋದೆ.

ಮರುದಿನ ಬೆಳಿಗ್ಗೆ ಅತ್ತೆ ಹೊಲಕ್ಕೆ ಹೋದ ಮೇಲೆ ನೀರು ಬದಲಾಯಿಸಲು ಪಂಜರದ ಬಾಗಿಲು ತೆಗೆದು ಮಗಿ ಎತ್ತಿದೆ. ಎತ್ತಿದವಳು ಹಾಗೇ ನಿಂತುಬಿಟ್ಟೆ. ಕಡ್ಲಿಯ ಮುಖ ಮುಖವಾಗಿ ಉಳಿದಿರಲಿಲ್ಲ! ಎರಡೂ ಕಡೆ ಗದ್ದ ಬಾತು ಹೆಗಲವರೆಗೆ ಇಳಿದಿತ್ತು, ತಲೆ ಹೊಟ್ಟೆಗಿಂತ ದಪ್ಪ. ಕಣ್ಣು ಓರೆಯಾಗಿ ಸಣ್ಣ ಗೆರೆಯಾಗಿದ್ದವು. ನಾನು ಚೀರಿದರೂ ಅದು ಅಲುಗಾಡದೆ ಕೂತಿತ್ತು. ಬಟ್ಟಲು ಖಾಲಿ. ಇಷ್ಟೂ ತಿಂದು ರೋಗ ಬಂತು ಎಂದೇ ತಿಳಿದೆ.

ಮಾವ ಬಂದು ಬಗ್ಗಿ ನೋಡಿದರು.

"ಗದ್ದ ಬಾತೈತಿ," ಎಂದರು. ಯಾರಿಗೂ ಅಲ್ಲ, ಗಾಳಿಗೆ.

ಅದರ ಅರ್ಥ ನನಗೆ ಗೊತ್ತಿತ್ತು. ನಾನು ಈ ಮನೆಗೆ ಬರುವ ಮೊದಲು ಒಂದು ವರ್ಷ ಕುರಿಗಳಿಗೆ ಗದ್ದ ಬಾಯುವ ಬೇನೆ ಬಂದು ಹಿಂಡಿಗೆ ಹಿಂಡೇ ಮಲಗಿತ್ತು ಎಂದು ಅತ್ತೆ ಹೇಳುತ್ತಿದ್ದರು. ಮಾವ ಬಾತ ಗದ್ದಗಳಿಗೆ ಬರೆ ಹಾಕಿದ್ದರು. ಕೆಲವು ಉಳಿದವು. ಬರೆಯಿಂದಲೇ ಉಳಿದವು ಎಂದು ಮಾವ ನಂಬಿದ್ದಾರೆ. ಉಳಿಯದವುಗಳ ಬಗ್ಗೆ ಅವರು ಮಾತಾಡುವುದಿಲ್ಲ.

ಮಾವ ಮಾಡಿನ ಸಂದಿಗೆ ಕೈ ಹಾಕಿ ಕಬ್ಬಿಣದ ಸಲಾಕೆ ಎಳೆದರು. ಬೆರಳು ದಪ್ಪವೂ ಇಲ್ಲದ, ತುದಿ ಕರ್ರಗಾದ ಸಲಾಕೆ. ಸೀದಾ ನನ್ನ ಒಲೆಯ ಕೆಂಡದಲ್ಲಿ ಇಟ್ಟರು.

"ಮೊದಲ ಸಂಗುಗ ಫೋನ್ ಹಚ್ಚೂಣು ಅಂತ ಹೇಳು, ಕಡ್ಲಿ," ಎಂದೆ. ಮಾವ ತಮ್ಮ ಗುಂಡಿಯ ಮೊಬೈಲನ್ನು ನೆಲದ ಮೇಲೆ ಇಟ್ಟು ನನ್ನತ್ತ ಸರಿಸಿದರು. ನನ್ನ ನಂಬರಿಗೆ ಹಚ್ಚಿದೆ. ಬಾರಿಸಿತು, ಬಾರಿಸಿತು, ಯಾರೂ ಎತ್ತಲಿಲ್ಲ. ಸಂಗು ಮೈದಾನದಲ್ಲಿ ಇರಬೇಕು.

ಸಲಾಕೆಯ ತುದಿ ಕೆಂಪಾಗುತ್ತಿತ್ತು.

"ಕಡ್ಲಿ, ಬರಿ ಬ್ಯಾಡ ಅಂತ ಹೇಳು. ಇಷ್ಟ ಸಣ್ಣ ಜೀವ ತಡಿಯಾಂಗಿಲ್ಲ ಅಂತ ಹೇಳು."

"ಕಡ್ಲಿ, ಹಾಕ್ಲಿಲ್ಲಂದ್ರ ಮಧ್ಯಾಹ್ನತನಕ ಉಳಿಯಾಂಗಿಲ್ಲ ಅಂತ ಹೇಳು. ಆರಿಸಿ ತಂದಾಂವ ನಾನು. ರೋಗದ್ದ ತಂದು ಕೂಸಿನ ಕೈಯಾಗ ಕೊಟ್ಟೇನಿ. ಉಳಿಸೂದೂ ನಂದ."

ಮಾವ ಎಡಗೈಯಲ್ಲಿ ಕಡ್ಲಿಯನ್ನು ಹಿಡಿದರು. ಬಲಗೈಯಲ್ಲಿ ಸಲಾಕೆ. ಮೊನ್ನೆ ಅವರ ಹೆಬ್ಬೆರಳು ಕಚ್ಚಿದ್ದ ಕಡ್ಲಿ ಇವತ್ತು ಕಚ್ಚಲಿಲ್ಲ, ಬಾಯಿ ತೆರೆಯಲೂ ಇಲ್ಲ. ಸುಮ್ಮನೆ ಅವರ ಬೆರಳುಗಳ ನಡುವಿನಿಂದ ನನ್ನನ್ನು ನೋಡಿತು. ನನ್ನ ಅಂಗೈಯಲ್ಲಿ ಸಂಗುವಿನ ತಲೆ ಇದ್ದಂತಾಯಿತು.

"ಮಾವಾರ!"

ಆ ದನಿ ನನ್ನದೇ ಎಂದು ನನಗೇ ಗೊತ್ತಾಗಲಿಲ್ಲ.

"ಮಾವಾರ, ಕೈ ಹಿಂದ ತಗೀರಿ! ಅದು ನಿಮ್ಮ ಕುರಿ ಅಲ್ಲ! ಮಗಳ ತಲಿ ಮುಟ್ಟಿ ಆಣಿ ಮಾಡೇನಿ ನಾ. ಅದಕ್ಕ ಬರಿ ಹಾಕೂದಿದ್ರ ಮೊದಲ ನನ್ನ ಕೈಗಿ ಹಾಕ್ರಿ!"

ಕೈ ಚಾಚಿಯೇಬಿಟ್ಟೆ. ತಲೆಯ ಮೇಲಿನ ಸೆರಗು ಜಾರಿ ಭುಜಕ್ಕೆ ಬಿದ್ದಿತ್ತು, ಎಳೆದುಕೊಳ್ಳುವ ಎಚ್ಚರವೂ ಇರಲಿಲ್ಲ. ಮಾವ ನನ್ನ ಮುಖ ನೋಡಿದರು. ಇಷ್ಟು ವರ್ಷಗಳಲ್ಲಿ ಅವರು ನನ್ನ ಮುಖ ಸರಿಯಾಗಿ ನೋಡಿದ್ದು ಅದೇ ಮೊದಲು. ಸಿಟ್ಟು ಬರುತ್ತದೆ, ಮಗ ಬಂದ ಮೇಲೆ ನನ್ನನ್ನು ತವರಿಗೆ ಅಟ್ಟುತ್ತಾರೆ ಎಂದುಕೊಂಡೆ. ಬರಲಿ ಎಂದೂ ಅಂದುಕೊಂಡೆ.

ಮಾವ ಸಲಾಕೆಯನ್ನು ನೀರಿನ ಬಕೆಟ್ಟಿಗೆ ಅದ್ದಿದರು. ಚುಸ್ಸೆಂದಿತು.

"ನಡಿ ಹಂಗಾದ್ರ," ಎಂದರು. "ಸಿಂದಗಿ ದನದ ದವಾಖಾನಿಗಿ." ಆರಿದ ಸಲಾಕೆಯನ್ನು ಮಾತ್ರ ಬಿಡಲಿಲ್ಲ, ಧೋತರದ ಸೊಂಟಕ್ಕೆ ಸಿಕ್ಕಿಸಿಕೊಂಡರು. ಡಾಕ್ಟರ ಕೈಯಲ್ಲಿ ಆಗದಿದ್ದರೆ ಅಲ್ಲೇ ಹಾಕುವ ಆಲೋಚನೆ.

ಪಂಜರ ಒಯ್ದರೆ ಟಂಟಂ ಆಟೋದ ಕುಣಿತಕ್ಕೆ ಅದು ಅಲ್ಲೇ ಸಾಯುತ್ತದೆ ಎಂದು ಮಾವ ತಲೆಯ ರುಮಾಲು ಬಿಚ್ಚಿದರು. ಮೊಳಗಟ್ಟಲೆ ಬಟ್ಟೆ ಸುತ್ತಿ ಸುತ್ತಿ ಗೂಡು ಮಾಡಿ, ನಡುವೆ ಕಡ್ಲಿಯನ್ನು ಇಟ್ಟು, ಮೇಲೆ ಗಾಳಿಯಾಡುವಂತೆ ಸಡಿಲಾಗಿ ಮುಚ್ಚಿದರು. ಮಾವನ ಬರಿದಲೆಯನ್ನು ನಾನು ನೋಡಿದ್ದೂ ಅಂದೇ ಮೊದಲು. ಬಿಸಿಲು ಕಾಣದ ಆ ತಲೆ ಕೂಸಿನ ತಲೆಯಂತೆ ಬೆಳ್ಳಗಿತ್ತು. ಬರಿದಲೆಯ ಮಾವ, ಸೆರಗಿಲ್ಲದ ಸೊಸೆ, ಇಬ್ಬರೂ ಓಡೋಡಿ ರಸ್ತೆಗೆ ಬಂದು ಗುರಪ್ಪನ ಟಂಟಂ ಹತ್ತಿದೆವು.

"ಬೀರಣ್ಣಕಾಕಾ, ರುಮಾಲಿನ್ಯಾಗ ಏನೈತ್ರಿ?" ಎಂದ ಗುರಪ್ಪ.

"ಬಾಯಿ ಮುಚ್ಚಿ ಜೋರ ಹೊಡಿ."

ಅರ್ಧ ದಾರಿಯಲ್ಲಿ ಮಾವನ ಮೊಬೈಲು ಬಾರಿಸಿತು. ಸಂಗು! ದನಿಯಲ್ಲೇ ಕುಣಿಯುತ್ತಿದ್ದಳು. "ಅವ್ವಾ, ಬಾಗೇವಾಡಿ ಟೀಮಿನ್ನ ಸೋಲಿಸಿದ್ವಿ! ಇನ್ನ ಫೈನಲ್ ಒಂದ ಉಳಿದೈತಿ! ಫೋನ್ ಮಾಡಿದ್ದಿ? ಕಡ್ಲಿ ಹೆಂಗೈತಿ?"

ಬಾಯಿಯವರೆಗೆ ಬಂದಿತ್ತು. ಹೇಳಿದರೆ ಹುಡುಗಿ ಅಲ್ಲೇ ಮೈದಾನದಲ್ಲಿ ಅಳುತ್ತ ಕೂರುತ್ತಾಳೆ, ಆಟ ಹೋಯಿತು. "ಆರಾಮೈತಿ," ಎಂದೆ. "ನೀ ಆಡು."

"ಅದರ ಕಿವಿಗಿ ಫೋನ್ ಹಿಡಿ."

ಮಾವ ಮೊಬೈಲನ್ನು ರುಮಾಲಿನ ಬಾಯಿಗೆ ಹಿಡಿದರು. "ಕಡ್ಲಿ, ಸಂಜಿಗಿ ಬರ್ತೇನಿ, ಅಂಜಬ್ಯಾಡ!" ಎಂದು ಸಂಗು ಕೂಗಿದ್ದು ಟಂಟಂನಲ್ಲಿ ಇದ್ದವರಿಗೆಲ್ಲ ಕೇಳಿತು. ಯಾರೂ ನಗಲಿಲ್ಲ. ಫೋನು ಇಟ್ಟ ಮೇಲೆ ರುಮಾಲಿನ ಒಳಗಿನಿಂದ ಕಟ್, ಕಟ್ ಎಂಬ ಸಣ್ಣ ಸದ್ದು ಬರತೊಡಗಿತು.

"ಹಲ್ಲ ಕಡಿಯಾಕತ್ತೈತಿ," ಎಂದರು ಮಾವ ಮೆಲ್ಲಗೆ, ನನಗೇ. "ನೋವ ತಡಿಯಾಂಗಿಲ್ಲ ಅದಕ್ಕ."

ನನಗೆ ಅಳು ಬಂತು. ಇಲಿಗಾಗಿ ಅಳುತ್ತಿದ್ದೇನೆ ಎಂಬ ನಾಚಿಕೆಯೂ ಆಗಲಿಲ್ಲ.

ದವಾಖಾನೆಯ ಅಂಗಳದಲ್ಲಿ ಎಮ್ಮೆ, ಆಡು, ಹೋರಿಗಳ ಸಾಲು. "ಜೀವ ಹೋಗಾಕತ್ತೈತಿ, ದಾರಿ ಬಿಡ್ರಿ!" ಎಂದು ಮಾವ ರುಮಾಲು ಎತ್ತಿ ಹಿಡಿದು ನುಗ್ಗಿದರು. ಬರಿದಲೆಯ ಬೀರಣ್ಣನನ್ನು ಕಂಡು ಕುರಿಯವರೆಲ್ಲ ಹೌಹಾರಿ ಸರಿದರು. ಡಾಕ್ಟರ್ ಜಾಸ್ಮಿನ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಕೈಗವಸು ಬಿಚ್ಚಿ ಮೇಜಿಗೆ ಬಂದರು. ಅವರ ಹಿಂದೆ ಅರ್ಧ ಅಂಗಳವೇ ಬಂದು ಬಾಗಿಲಲ್ಲಿ ಇಣುಕಿತು.

ಮಾವ ರುಮಾಲು ಬಿಚ್ಚತೊಡಗಿದರು. ಮೊದಲ ಸುತ್ತು ಬಿಚ್ಚಿದಾಗ ಮೇಜಿನ ಮೇಲೆ ಒಂದು ಜೋಳದ ಕಾಳು ಟಪ್ಪೆಂದು ಬಿತ್ತು. ಎರಡನೆಯ ಸುತ್ತಿಗೆ ನಾಲ್ಕಾರು ತೊಗರಿ. ಆಮೇಲೆ ಶೇಂಗಾ, ಜೋಳ, ಮತ್ತೆ ಶೇಂಗಾ, ಸುರಸುರನೆ! ಎಲ್ಲದರ ನಡುವೆ, ಕಾಳಿನ ರಾಶಿಯ ಮೇಲೆ, ಕಡ್ಲಿ ಕೂತಿತ್ತು. ಮುಖ ಮೊದಲಿನಂತೆ ಚಿಕ್ಕದು, ಕಣ್ಣು ದುಂಡಗೆ. ಕೈಯಲ್ಲಿ ಒಂದು ಶೇಂಗಾ ಹಿಡಿದು ಕಟ್ ಕಟ್ ಎಂದು ತಿನ್ನುತ್ತಿತ್ತು.

"ಬಾವು ಎಲ್ಲಿ ಹೋತು?" ಎಂದರು ಮಾವ.

ಡಾಕ್ಟರ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದರು. "ಬಾವು ಅಲ್ಲರಿ ಅಜ್ಜಾರ. ಇದರ ಎರಡೂ ಗಲ್ಲದಾಗ ಚೀಲ ಇರ್ತಾವ. ಹೆಚ್ಚಿಗಿ ಕಾಳು ಸಿಕ್ರ ತುಂಬಿ ಇಟ್ಕೊಂತೈತಿ, ಆಮ್ಯಾಲ ಒಂದ ಕಡಿ ಒಯ್ದು ಮುಚ್ಚಿಡ್ತೈತಿ. ಯಾರು ಇಷ್ಟ ಹಾಕಿದ್ರು?"

ಮಾವ ಮೇಜಿನ ಮೇಲಿನ ಕಾಳು ಒಂದು ಕಡೆ ಗುಡ್ಡೆ ಮಾಡತೊಡಗಿದರು. ಬಾಗಿಲಲ್ಲಿದ್ದ ಒಬ್ಬ ಮುದುಕ, "ಬೀರಣ್ಣಾ, ರುಮಾಲಿನ್ಯಾಗ ಸಂತಿ ಮಾಡ್ಕೊಂಡ ಬಂದ್ಯೇನೋ!" ಎಂದ. ಅಷ್ಟೇ, ಅಂಗಳವೆಲ್ಲ ಹೋ ಎಂದು ನಕ್ಕಿತು. ನಾನೂ ನಕ್ಕೆ, ಅಳುತ್ತಲೇ ನಕ್ಕೆ. ಓಡಿ ಹೋಗಿ ಆ ಡಾಕ್ಟರನ್ನು ಅಪ್ಪಿಕೊಳ್ಳಬೇಕೆನಿಸಿತು. ಡಾಕ್ಟರ್ ಕಡ್ಲಿಯನ್ನು ತಿರುಗಾಮುರುಗಾ ಮಾಡಿ ನೋಡಿ, ಗಟ್ಟಿಮುಟ್ಟಾಗಿದೆ, ಆರಿಸಿದವರು ಚೆನ್ನಾಗಿ ಆರಿಸಿದ್ದಾರೆ, ಶೇಂಗಾ ಮಾತ್ರ ಇಷ್ಟು ಹಾಕಬೇಡಿ, ಒಂದು ಚಮಚ ಕಾಳು ಸಾಕು ಎಂದರು. ಆಗ ಅವರ ಕಣ್ಣು ಮಾವನ ಸೊಂಟಕ್ಕೆ ಬಿತ್ತು.

"ಅದೇನ್ರಿ ಅಜ್ಜಾರ, ಕಬ್ಬಿಣ?"

"ಏನಿಲ್ರಿ," ಎಂದು ಮಾವ ಅಂಗಿ ಕೆಳಗೆ ಎಳೆದುಕೊಂಡರು.

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಮಾವ ಕೂತರು. ಕಡ್ಲಿ ಅವರ ಮಡಿಲಿನ ರುಮಾಲಿನಲ್ಲಿ. ನಾನು ಅಭ್ಯಾಸದಂತೆ ಮರದ ಮರೆಗೆ ನಿಂತೆ. ನಕ್ಕ ಮಂದಿಯ ಮೇಲೆ ಸಿಟ್ಟಾಗಿದ್ದಾರೆ ಎಂದುಕೊಂಡೆ. ಇಣುಕಿ ನೋಡಿದರೆ ಅವರು ಸೊಂಟದ ಸಲಾಕೆ ಹೊರಗೆ ತೆಗೆದು ಅದರ ಕರ್ರಗಿನ ತುದಿ ನೋಡುತ್ತಿದ್ದರು.

"ಸುರೇಖಾ."

ನನ್ನ ಹೆಸರು ಅವರ ಬಾಯಿಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ನೀ ಒದರಲಿಲ್ಲಂದ್ರ ನಾ ಹಾಕೇ ಬಿಡ್ತಿದ್ದೆ. ಗಲ್ಲದಾಗ ಕಾಳು ಇಟ್ಕೊಂಡ ಕೂತ ಜೀವಕ್ಕ." ಆಮೇಲೆ ಇನ್ನೂ ಮೆಲ್ಲಗೆ, "ಅವತ್ತು ಆ ಕುರಿಗೋಳಿಗಿ ಬರಿ ಹಾಕುಮುಂದ ಬ್ಯಾಡ ಅನ್ನಾವ್ರು ಯಾರೂ ಇರಲಿಲ್ಲ."

ನಾನು ಮರದ ಮರೆಯಿಂದ ಈಚೆ ಬಂದು ಅವರ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತೆ. ಏನು ಹೇಳಬೇಕೋ ತಿಳಿಯಲಿಲ್ಲ. ಕಡ್ಲಿಗೆ ಬಿಸಿಲು ತಾಗುತ್ತಿತ್ತು, ಸೆರಗು ಅಡ್ಡ ಹಿಡಿದೆ.

ಊರಿಗೆ ಮರಳುವ ಮುನ್ನ ಮಾವ, ಸ್ವಲ್ಪ ತಡಿ ಎಂದು ನನಗೇ ಹೇಳಿ, ಬಸ್ ನಿಲ್ದಾಣದ ಹತ್ತಿರದ ಹಾಜಿಮಲಂಗನ ವೆಲ್ಡಿಂಗ್ ಅಂಗಡಿಗೆ ಹೋದರು. ನಾನು ರುಮಾಲು ಹಿಡಿದು ದೂರ ನಿಂತಿದ್ದೆ. ಒಳಗೆ ಕಿಡಿ ಹಾರಿದ್ದು ಕಂಡಿತು, ಸುತ್ತಿಗೆಯ ಸದ್ದು ಕೇಳಿಸಿತು.

ಸಂಜೆ ಜೀಪು ಬಂತು. ಅತ್ತೆ ಹೊಲದಿಂದ ಬಂದು ಜೋಳ ಹಸನು ಮಾಡುತ್ತ ಕೂತಿದ್ದರು. ಸಂಗು ಕೊರಳಲ್ಲಿ ಪದಕ ಕುಣಿಸುತ್ತ ಒಳಗೆ ನುಗ್ಗಿ, ಯಾರನ್ನೂ ಮಾತಾಡಿಸದೆ ಸೀದಾ ಪಂಜರಕ್ಕೆ ಹೋದಳು. ಕಡ್ಲಿ ಚಕ್ರ ಹತ್ತಿ ಓಡುತ್ತಿತ್ತು.

"ಗೆದ್ವಿ ಕಡ್ಲಿ, ಗೆದ್ವಿ!" ಎಂದು ಕುಣಿದಳು. ಆಮೇಲೆ ನನ್ನತ್ತ ತಿರುಗಿದಳು. "ಏನೂ ಆಗ್ಲಿಲ್ಲ ಹೌದಲ್ಲ?"

"ಏನೂ ಇಲ್ಲ," ಎಂದೆ.

ಅಷ್ಟರಲ್ಲಿ ಕಟ್ಟೆಯ ಮೇಲಿನಿಂದ ಮಾವನ ದನಿ ಬಂತು. ಕೆಮ್ಮಲಿಲ್ಲ.

"ಸುರೇಖಾ, ಚಾ ಇಡವ್ವಾ. ಕೂಸು ಗೆದ್ದ ಬಂದೈತಿ."

ಅತ್ತೆಯ ಕೈಯಲ್ಲಿನ ಮೊರ ಅಲ್ಲೇ ನಿಂತಿತು. ಸಂಗು ಬಾಯಿ ತೆರೆದು ಅಜ್ಜನನ್ನೂ ನನ್ನನ್ನೂ ನೋಡಿದಳು. "ಅಜ್ಜ ಅವ್ವನ ಕೂಡ ಮಾತಾಡಿದಾ! ಏನೋ ಆಗೇತಿ ಈ ಮನ್ಯಾಗ!" ಎನ್ನುತ್ತ ಪಂಜರವನ್ನು ಮತ್ತೆ ಪರೀಕ್ಷೆ ಮಾಡಿದಳು. ಬಾಗಿಲಿಗೆ ಉಣ್ಣೆಯ ನೂಲು ಇರಲಿಲ್ಲ. ಅಲ್ಲಿ ಕಬ್ಬಿಣದ ಹೊಸ ಚಿಲಕವೊಂದು ಕೂತಿತ್ತು, ಒಂದು ತುದಿ ಇನ್ನೂ ಕರ್ರಗೆ.

"ಇದೇನಜ್ಜಾ?"

"ಅದು ನನ್ನ ಬರಿ ಹಾಕೂ ಸಲಾಕಿ. ನಿಮ್ಮವ್ವ ಬ್ಯಾಡ ಅಂದ್ಲು."

ಸಂಗುವಿಗೆ ತಿಳಿಯಲಿಲ್ಲ. ನಾನು ಒಲೆಯ ಮೇಲೆ ಪಾತ್ರೆ ಇಟ್ಟು, ಸಕ್ಕರೆ ಒಂದು ಚಮಚ ಹೆಚ್ಚಿಗೇ ಹಾಕಿದೆ. ಆಮೇಲೆ ಬಾಗಿಲಿಗೆ ಬಂದು ನಿಂತು, ಅತ್ತೆಯತ್ತ ನೋಡದೆ, ಪಂಜರದತ್ತಲೂ ನೋಡದೆ ಹೇಳಿದೆ:

"ಕುದಿಯಾಕತ್ತೈತ್ರಿ, ಮಾವಾರ."